ಮೊದಲು ನೀರಿನ ಗೆರೆ, ಆಮೇಲೆ ಮೀನು

"ಕೋಲಾರದಲ್ಲಿ ಮೀನು ಬಿಡಿಸಿದರೆ ಯಾರಿಗೆ ತಾಗುತ್ತೆ ಸಾರ್? ಟೊಮೆಟೊ ಬಿಡಿಸಿ" ಅಂದವರು ಒಬ್ಬಿಬ್ಬರಲ್ಲ. ಕಾರ್ಟೂನಿನಲ್ಲಿ ಮೀನು ಸವೆದು ಹೋದ ನಾಣ್ಯ, ದೊಡ್ಡದು ಚಿಕ್ಕದನ್ನು ನುಂಗುವುದು ಬಿಟ್ಟರೆ ಅದರಲ್ಲಿ ಇನ್ನೇನೂ ಇಲ್ಲ ಅನ್ನುವುದು ಬಲ್ಲವರ ಮಾತು. ಆರೇಳು ವರ್ಷದಲ್ಲಿ ನನ್ನವೇ ಹತ್ತಿರ ಹತ್ತಿರ ಮುನ್ನೂರು ಮೀನಿನ ಕಾರ್ಟೂನು ಅಚ್ಚಾಗಿವೆ. ಈಗ ಧೈರ್ಯವಾಗಿ ಹೇಳಬಹುದು: ಮೀನು ಸವೆದಿರಲಿಲ್ಲ, ನಾವು ಬಿಡಿಸುತ್ತಿದ್ದ ಮೀನು ಈ ಕಡೆಯದಾಗಿರಲಿಲ್ಲ. ನಿಬ್ಬು, ಬ್ರಷ್ಷು, ಮುಖದ ಹೋಲಿಕೆ ಇವೆಲ್ಲ ಓದುವವರಿಗೆ ಗೊತ್ತೇ ಇರುತ್ತೆ, ಅದನ್ನು ಬಿಟ್ಟೇ ಬರೆಯುತ್ತೇನೆ.

ಮೊದಲ ತಪ್ಪು ತಿಮಿಂಗಿಲ. ಲೋಕಾಯುಕ್ತ ದಾಳಿ ಆದಾಗಲೆಲ್ಲ "ಭಾರಿ ತಿಮಿಂಗಿಲ ಬಲೆಗೆ" ಅಂತ ತಲೆಬರಹ ಬರುತ್ತೆ, ನಾವೂ ಕೂತು ತಿಮಿಂಗಿಲ ಬಿಡಿಸುತ್ತೇವೆ. ಅದು ಮೀನೇ ಅಲ್ಲ ಅನ್ನುವುದು ಆಮೇಲಿನ ಮಾತು. ಎರಡು ಕಾಲಂ ಚೌಕಟ್ಟಿನಲ್ಲಿ ತಿಮಿಂಗಿಲ ಕೂತರೆ ಬೇರೆ ಯಾರಿಗೂ ಜಾಗ ಇರುವುದಿಲ್ಲ. ಕಣ್ಣೊಂದು ಕಡೆ, ಬಾಯೊಂದು ಕಡೆ, ಮುಖಭಾವ ಬರುವುದೇ ಇಲ್ಲ. ಕೊನೆಗೆ ಹೊಟ್ಟೆಯ ಮೇಲೆ "ಭ್ರಷ್ಟಾಚಾರ" ಅಂತ ಬರೆಯಬೇಕಾಗುತ್ತೆ. ಹೊಟ್ಟೆಯ ಮೇಲೆ ಲೇಬಲ್ ಬಂತು ಅಂದರೆ ಆ ಚಿತ್ರ ಸೋತಿತು ಅಂತಲೇ ಲೆಕ್ಕ. ನನ್ನ ಮೊದಲ ಮೂವತ್ತು ನಲವತ್ತು ಚಿತ್ರ ಹೀಗೇ ಹಾಳಾದವು.

ದಾರಿ ಸಿಕ್ಕಿದ್ದು ಕೆರೆ ಮೀನಿನಲ್ಲಿ. ಮೀನುಗಾರಿಕೆ ಇಲಾಖೆಯವರು ಕೆರೆಗಳಿಗೆ ಬಿಡುವ ಮರಿ ಮುಖ್ಯವಾಗಿ ಮೂರು ಜಾತಿ: ಕಾಟ್ಲಾ, ರೋಹು, ಮೃಗಾಲ್. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತೆ, ಅದರ ಬಾಯಿ ಮೇಲಕ್ಕೆ ತೆರೆದಿರುತ್ತೆ. ರೋಹು ನಡುಪದರದ್ದು, ಕೆಳತುಟಿಗೆ ಕುಚ್ಚು. ಮೃಗಾಲ್ ತಳದ್ದು, ಬಾಯಿ ಅಗಲ, ಕೆಳಕ್ಕೆ ತಿರುಗಿರುತ್ತೆ. ಒಂದೇ ಕೆರೆಯಲ್ಲಿ ಮೂರೂ ಜಗಳವಿಲ್ಲದೆ ತಿನ್ನುತ್ತವೆ. ಇದಕ್ಕಿಂತ ಒಳ್ಳೆಯ ಸರ್ಕಾರಿ ವ್ಯವಸ್ಥೆಯ ಚಿತ್ರ ಬೇರೆ ಬೇಕೆ? ಮೇಲಿಂದ ಬರುವ ಅನುದಾನಕ್ಕೆ ಬಾಯಿ ತೆರೆದು ನಿಂತವನು ಕಾಟ್ಲಾ, ನಡುವಿನ ಗುತ್ತಿಗೆದಾರ ರೋಹು, ತಳದ ಹೂಳಲ್ಲೇ ಕೈಯಾಡಿಸುವ ಗುಮಾಸ್ತ ಮೃಗಾಲ್. ಸಂತೆಯಲ್ಲಿ ಮೀನು ಕೊಳ್ಳುವವರು ಬಾಯಿ ನೋಡಿಯೇ ಜಾತಿ ಹೇಳುತ್ತಾರೆ, ಲೇಬಲ್ ಬೇಡ. ಮೀನು ತಿನ್ನದವರಿಗೂ ಬಾಯಿ ಯಾವ ಕಡೆ ತೆರೆದಿದೆ ಅನ್ನುವುದಷ್ಟೇ ಸಾಕಾಗುತ್ತೆ.

ನಾಲ್ಕನೆಯದು ಕೊರಮೀನು. ಹಾವಿನ ತಲೆ, ಬೆನ್ನಿನ ಉದ್ದಕ್ಕೂ ರೆಕ್ಕೆ, ದುಂಡು ಬಾಲ. ಗಾಳಿಯನ್ನೇ ಉಸಿರಾಡಬಲ್ಲ ಮೀನು ಇದು, ಕೆರೆ ಬತ್ತಿ ಬೇರೆಲ್ಲ ಮೀನು ಸತ್ತಮೇಲೂ ಕೆಸರಲ್ಲಿ ಬದುಕಿರುತ್ತೆ. ಯಾವ ಪಕ್ಷ ಬಂದರೂ ಕುರ್ಚಿ ಬಿಡದವರಿಗೆ ಇದನ್ನೇ ಇಟ್ಟುಕೊಂಡಿದ್ದೇನೆ. ಮುಖದ ಹೋಲಿಕೆ ತರಲು ಹೋಗಬೇಡಿ. ಮೀನಿಗೆ ಮನುಷ್ಯನ ಮೂಗು, ಮೀಸೆ ಅಂಟಿಸಿದ ಕೂಡಲೇ ಅದು ಮಕ್ಕಳ ಪುಸ್ತಕದ ಚಿತ್ರವಾಗುತ್ತೆ. ಟೋಪಿ, ಶಾಲು, ಕನ್ನಡಕ ಈ ಮೂರರಲ್ಲಿ ಒಂದು ಸಾಕು, ಅದೂ ಒಂದೇ.

ಕಣ್ಣಿನ ವಿಷಯದಲ್ಲಿ ತುಂಬಾ ದಿನ ಒದ್ದಾಡಿದೆ. ಮೀನಿಗೆ ರೆಪ್ಪೆ ಇಲ್ಲ. ಕಳ್ಳನೋಟ ಬರಲಿ ಅಂತ ಅರ್ಧ ಮುಚ್ಚಿದ ರೆಪ್ಪೆ ಹಾಕಿದರೆ ಮೀನುತನವೇ ಹೋಗುತ್ತೆ. ಭಾವ ಬರಬೇಕಾದದ್ದು ಕಣ್ಣಿಗೂ ಬಾಯಿಯ ಮೂಲೆಗೂ ಇರುವ ದೂರದಲ್ಲಿ. ದೂರ ಕಡಿಮೆ ಮಾಡಿದರೆ ಗಾಬರಿ, ಹೆಚ್ಚು ಮಾಡಿ ಮೂಲೆಯನ್ನು ಇಳಿಸಿದರೆ ಸೊಕ್ಕು. ಕಣ್ಣಿನ ಬಿಳಿ ಚುಕ್ಕಿ ಎಲ್ಲಿಡಬೇಕು ಅನ್ನುವುದರಲ್ಲಿ ನನ್ನದೇ ಒಂದು ಅಳತೆ ಇದೆ, ಅದು ನನ್ನ ಹತ್ತಿರವೇ ಇರಲಿ.

ಇಷ್ಟಾದರೂ ಚಿತ್ರ ಪೂರ್ತಿ ಕೂರುತ್ತಿರಲಿಲ್ಲ. ಕಾರಣ, ನಾನು ಮೀನು ಬಿಡಿಸಿ ಆಮೇಲೆ ಸುತ್ತ ನೀರು ತುಂಬುತ್ತಿದ್ದೆ. ಈಗ ಉಲ್ಟಾ. ಖಾಲಿ ಚೌಕಟ್ಟಿನಲ್ಲಿ ಮೊದಲು ಎಳೆಯುವುದು ನೀರಿನ ಗೆರೆ. ಅದು ಮೇಲಿನಿಂದ ಕಾಲುಭಾಗದಲ್ಲಿದ್ದರೆ ಮೀನು ಯಜಮಾನ, ಅರ್ಧಕ್ಕಿದ್ದರೆ ಗಿರಾಕಿ, ಕೆಳಗಿನ ಕಾಲುಭಾಗಕ್ಕೆ ಇಳಿದರೆ ಬಲಿ. ಅದೇ ಮೀನು, ಅದೇ ಭಂಗಿ, ಗೆರೆ ಒಂದೇ ಅರ್ಥ ಬದಲಿಸುತ್ತೆ. ಬೋರ್‌ವೆಲ್ ಸಾವಿರದೈನೂರು ಅಡಿಗೆ ಇಳಿದ ಊರಿನಲ್ಲಿ ಓದುಗ ಮೊದಲು ನೋಡುವುದು ಮೀನನ್ನಲ್ಲ, ನೀರು ಎಷ್ಟಿದೆ ಅಂತ.

ಇದು ಕೆರೆ, ಸಮುದ್ರವಲ್ಲ ಅಂತ ತೋರಿಸಲು ಕೆರೆ ನೀರು ಹೊರಬಿಡುವ ತೂಬಿನ ಕಲ್ಲು ಕಂಬ ಸಾಕು: ಎರಡು ನಿಲುವುಗಂಬ, ಅಡ್ಡ ಎರಡೋ ಮೂರೋ ಕಲ್ಲು. ಹತ್ತು ಗೆರೆಯ ಕೆಲಸ. ಅಡ್ಡಕಲ್ಲುಗಳೇ ನೀರಿನ ಅಳತೆಪಟ್ಟಿಯೂ ಆಗುತ್ತವೆ. ಹಿಂದೆ ಏರಿಯ ಓರೆ ಗೆರೆ ಒಂದು, ಬತ್ತಿದ ಕೆರೆಯಾದರೆ ಅಂಗಳದಲ್ಲಿ ಒಂದು ಜಾಲಿ ಗಿಡ. ತಾವರೆ ಹಾಕಬೇಡಿ, ಅದನ್ನು ಪಕ್ಷದ ಚಿಹ್ನೆ ಅಂತಲೇ ಓದುತ್ತಾರೆ. ಹಾಗೇ ಮೀನಿನ ಮೇಲರ್ಧ ಮನುಷ್ಯನಾಗಿಸಿದರೆ ಮತ್ಸ್ಯಾವತಾರ ಆಗುತ್ತೆ. ಬೇಡದ ಜಗಳ.

ಇನ್ನು ಹತ್ತಿರದಿಂದ ಒಂದು ಚಿತ್ರ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ಮಾತಿದೆ: ನೀರಿನೊಳಗೆ ಓಡಾಡುವ ಮೀನು ನೀರು ಕುಡಿಯುವುದು ಹೇಗೆ ಗೊತ್ತಾಗುವುದಿಲ್ಲವೋ, ಕೆಲಸಕ್ಕಿಟ್ಟ ಅಧಿಕಾರಿ ಹಣ ತಿನ್ನುವುದೂ ಹಾಗೇ ಗೊತ್ತಾಗುವುದಿಲ್ಲ. ದೊಡ್ಡ ಮೀನು ಚಿಕ್ಕದನ್ನು ನುಂಗುವ ಮತ್ಸ್ಯನ್ಯಾಯವನ್ನೇ ಹಿಡಿದು ಜಗ್ಗುವ ನಮ್ಮವರು ಇದನ್ನು ಯಾಕೆ ಬಿಟ್ಟರೋ. ಹೂಳೆತ್ತುವ ಕಾಮಗಾರಿಯ ಬಗ್ಗೆ ಇದನ್ನು ಮೊದಲು ಬಿಡಿಸಿದಾಗ ಮೀನಿನ ಬಾಯಿಗೆ ಸ್ಟ್ರಾ ಇಟ್ಟೆ. ಕೆಟ್ಟಿತು. ಕುಡಿಯುವುದು ಕಾಣಬಾರದು ಅನ್ನುವುದೇ ಮಾತಿನ ಜೀವ, ನಾನು ಅದನ್ನೇ ತೋರಿಸಿಬಿಟ್ಟಿದ್ದೆ. ಎರಡನೇ ಸಲ ಪಕ್ಕಪಕ್ಕದಲ್ಲಿ ಮೂರು ಚೌಕಟ್ಟು. ಮೊದಲನೆಯದರಲ್ಲಿ ನೀರು ತೂಬಿನ ಮೇಲಿನ ಅಡ್ಡಕಲ್ಲಿಗೆ, ಎರಡನೆಯದರಲ್ಲಿ ನಡುವಿನದಕ್ಕೆ, ಮೂರನೆಯದರಲ್ಲಿ ಬುಡಕ್ಕೆ. ಮೃಗಾಲ್ ಮೂರರಲ್ಲೂ ಅಲ್ಲೇ, ಬಾಯಿ ಮುಚ್ಚಿಕೊಂಡು, ಸಾಧು ಮುಖ. ಹೊಟ್ಟೆ ಮಾತ್ರ ಪ್ರತಿ ಚೌಕಟ್ಟಿಗೆ ಮೂರು ನಾಲ್ಕು ಮಿಲಿಮೀಟರ್ ಉಬ್ಬುತ್ತಾ ಹೋಗುತ್ತೆ. ಮಾತಿಲ್ಲ, ಅಡಿಬರಹವಿಲ್ಲ. ಅತಿ ಹೆಚ್ಚು ಕಡೆ ಮರುಮುದ್ರಣವಾದದ್ದು ಇದೇ. ಸಿಹಿನೀರಿನ ಮೀನು ನೀರು ಕುಡಿಯುವುದೇ ಅತ್ಯಲ್ಪ ಅಂತ ಮೀನುಗಾರಿಕೆ ಬಲ್ಲ ಒಬ್ಬರು ತಕರಾರು ತೆಗೆದರು. ಸರಿಯೇ. ಕೌಟಿಲ್ಯನನ್ನೇ ಕೇಳಬೇಕು.

ಬಲೆಯ ಚಿತ್ರದಲ್ಲಿ ಎಲ್ಲರೂ ಒಂದೇ ಕಡೆ ಎಡವುತ್ತೇವೆ. ನಿಜವಾದ ಬಲೆಯಲ್ಲಿ ಚಿಕ್ಕ ಮೀನು ಬಲೆಗಣ್ಣಿನಿಂದ ತಪ್ಪಿಸಿಕೊಳ್ಳುತ್ತೆ, ದೊಡ್ಡದು ಸಿಗುತ್ತೆ. ನಾವು ಹೇಳಬೇಕಾದದ್ದು ತದ್ವಿರುದ್ಧ. ಸುಮ್ಮನೆ ದೊಡ್ಡ ಮೀನನ್ನು ಹೊರಗೆ, ಚಿಕ್ಕದನ್ನು ಒಳಗೆ ಬಿಡಿಸಿದರೆ ಅದು ವ್ಯಂಗ್ಯ ಅನ್ನಿಸುವುದಿಲ್ಲ, ಬಿಡಿಸಿದವನಿಗೆ ಬಲೆ ಗೊತ್ತಿಲ್ಲ ಅನ್ನಿಸುತ್ತೆ. ನಾಲ್ಕೈದು ಕರಡು ಕೆಟ್ಟಮೇಲೆ ಹೊಳೆದದ್ದು: ಬಲೆಯಲ್ಲಿ ಕಾಟ್ಲಾ ಆಕಾರದ್ದೇ ಒಂದು ದೊಡ್ಡ ತೂತು, ತೂತಿನ ಅಂಚಿಗೆ ಅಚ್ಚುಕಟ್ಟಾದ ಹೊಲಿಗೆ. ಹರಿದದ್ದಲ್ಲ, ಹೊಲಿಸಿದ್ದು ಅಂತ ಹೊಲಿಗೆಯೇ ಹೇಳುತ್ತೆ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದು ಮಾಡಿ ಅಧಿಕಾರ ಲೋಕಾಯುಕ್ತಕ್ಕೆ ಮರಳಿದಾಗ ಇದೇ ಚಿತ್ರ ಎರಡು ಬಲೆಯಾಗಿ ಮತ್ತೆ ಬಂತು: ಹಳೇ ಬಲೆ ಹಗ್ಗದ ಮೇಲೆ ಒಣಗುತ್ತಿದೆ, ಹೊಸದಾಗಿ ಕೈಗೆ ಬಂದದ್ದನ್ನು ದರ್ಜಿ ಅಳತೆ ತೆಗೆಯುತ್ತಿದ್ದಾನೆ.

ಬಲೆ, ಗಾಳ ಹಿಡಿದವನ ಬಗ್ಗೆ ನನ್ನದೊಂದು ಕಟ್ಟುಪಾಡು. ಅವನು ಯಾವಾಗಲೂ ಇಸ್ತ್ರಿ ಬಟ್ಟೆಯವನು, ಚಪ್ಪಲಿ ಕೈಯಲ್ಲಿ ಹಿಡಿದವನು. ಲಂಗೋಟಿಯ ಬೆಸ್ತನನ್ನು ಖಳನಾಗಿ ಬಿಡಿಸುವುದಿಲ್ಲ. ಕಸುಬು ಮಾಡಿ ಉಣ್ಣುವವರ ಬಲೆಯನ್ನು ಮೋಸದ ಗುರುತು ಮಾಡುವುದು ಸೋಮಾರಿತನ.

2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಚರಂಡಿ ನೀರು, ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು, ಸ್ವಲ್ಪ ದಿನಕ್ಕೇ ನೊರೆ ಎದ್ದಾಗ ಮೀನಿಗೆ ಮಾಸ್ಕ್ ಹಾಕಿದ ಚಿತ್ರ ಕಳಿಸಿದೆ. ಮೂಗಿನಿಂದ ಉಸಿರಾಡದ ಪ್ರಾಣಿಗೆ ಮಾಸ್ಕ್, ಯಾರಿಗೂ ನಗು ಬರಲಿಲ್ಲ. ಮೀನನ್ನು ಬಿಟ್ಟು ಬಕಪಕ್ಷಿಯ ಕಡೆಯಿಂದ ಬಿಡಿಸಿದಾಗ ಕೂತಿತು: ಒಂಟಿಕಾಲಲ್ಲಿ ಧ್ಯಾನಕ್ಕೆ ನಿಂತ ಬಕ, ನೊರೆಯಿಂದ ತಲೆ ಎತ್ತಿದ ರೋಹು, ಬಕದ ಮಾತು "ಮೊದಲು ಲ್ಯಾಬ್ ರಿಪೋರ್ಟ್ ತೋರ್ಸಪ್ಪ." ಮೀನು ತಿನ್ನುವವನೇ ಹಿಂಜರಿದರೆ ನೀರಿನ ಬಗ್ಗೆ ಬೇರೆ ಹೇಳಬೇಕಿಲ್ಲ.

ಮೀನುಗಳ ದಿಕ್ಕೂ ಲೆಕ್ಕಕ್ಕೆ ಬರುತ್ತೆ. ಕನ್ನಡ ಓದುವ ಕಣ್ಣು ಎಡದಿಂದ ಬಲಕ್ಕೆ ಹೋಗುತ್ತೆ. ದೊಡ್ಡ ಮೀನು ಎಡದಲ್ಲಿದ್ದರೆ ಮೊದಲೇ ಕಂಡು ಗುಟ್ಟು ಬಯಲಾಗುತ್ತೆ. ಚಿಕ್ಕದು ಎಡದಲ್ಲಿ, ಅದನ್ನು ಹಿಂಬಾಲಿಸುವ ದೊಡ್ಡ ಬಾಯಿ ಬಲ ಅಂಚಿನಲ್ಲಿ, ಎರಡೂ ಎಡಕ್ಕೆ ಮುಖ. ಬಾಯಿಯ ಅರ್ಧ ಚೌಕಟ್ಟಿನಾಚೆ ಹೋದರೆ ಇನ್ನೂ ಒಳ್ಳೆಯದು. ಯುರೋಪಿನ ಚಿತ್ರಕಾರ ಬ್ರೂಗಲ್ 1556ರಲ್ಲಿ ಬಿಡಿಸಿದ ಮೀನು ನುಂಗುವ ಚಿತ್ರ ನೋಡಿದವರಿಗೆ ನೆನಪಿರಬಹುದು, ಅಲ್ಲಿ ನೋಡಬೇಕಾದದ್ದು ನುಂಗುವುದಲ್ಲ, ಸೀಳಿದ ಹೊಟ್ಟೆಯಿಂದ ಹೊರಬೀಳುವುದು. ದಾಳಿಯ ಸುದ್ದಿಗೆ ನಾನು ಬಾಯಿ ಬಿಟ್ಟು ಹೊಟ್ಟೆಗೆ ಬಂದದ್ದು ಅದರಿಂದಲೇ: ಸೀಳಿದ ಕಾಟ್ಲಾ, ಒಳಗಿಂದ ಉರುಳುವ ಸೈಟಿನ ಪತ್ರ, ಚಿನ್ನದ ಬಿಸ್ಕತ್ತು, ಕೊನೆಗೆ ಬಾಲ ಅಲ್ಲಾಡಿಸುವ ಒಂದು ಬಡ ಮರಿ.

ಅಚ್ಚಿನ ಸಂಗತಿ ಕಲಿತದ್ದು ದುಡ್ಡು ಕಳೆದುಕೊಂಡು. ಒಂದು ಕ್ಯಾಲೆಂಡರಿಗೆ ಹನ್ನೆರಡು ಮೀನು, ಒಂದೊಂದಕ್ಕೂ ಇಡೀ ಮೈತುಂಬ ಹುರುಪೆ, ಮೇಲೆ ನೆರಳಿಗೆ ಒತ್ತೊತ್ತಾದ ಸಣ್ಣ ಗೆರೆಗಳ ಹ್ಯಾಚಿಂಗ್. ಅಗ್ಗದ ಕಾಗದ. ಐನೂರು ಪ್ರತಿ ಕಪ್ಪು ಬದನೆಕಾಯಿಯಂತೆ ಬಂದವು. ಹದಿನಾಲ್ಕು ಸಾವಿರದ ಆಸುಪಾಸು ಕೈಯಿಂದ ಹೋಯಿತು. ನ್ಯೂಸ್‌ಪ್ರಿಂಟಿನಲ್ಲಿ ಮಸಿ ಹರಡುತ್ತೆ, ಹತ್ತಿರದ ಗೆರೆಗಳು ಒಂದಾಗುತ್ತವೆ. ಈಗ ಹುರುಪೆ ಕಿವಿರಿನ ಹಿಂದೆ ಮೂರು ಸಾಲು, ಬಾಲದ ಬುಡದಲ್ಲಿ ಒಂದು ಸಾಲು, ನಡುವೆ ಖಾಲಿ. ಉಳಿದದ್ದನ್ನು ಓದುಗನ ಕಣ್ಣೇ ತುಂಬಿಕೊಳ್ಳುತ್ತೆ. ಎರಡು ಕಾಲಂ ಅಂದರೆ ಸುಮಾರು 8 ಸೆಂಟಿಮೀಟರ್, ಮೂಲಚಿತ್ರ ಒಂದೂವರೆ ಪಟ್ಟು, 12ಕ್ಕೆ. ಅತಿ ತೆಳು ಗೆರೆ 0.4 ಮಿಲಿಮೀಟರಿಗಿಂತ ಕಡಿಮೆ ಬೇಡ. ಸ್ಕ್ಯಾನ್ 600 ಡಿಪಿಐ, ಅಪ್ಪಟ ಕಪ್ಪುಬಿಳುಪು. ಗ್ರೇಸ್ಕೇಲ್ ಕಳಿಸಿದರೆ ಗೆರೆಗೂ ಚುಕ್ಕಿ ಬಿದ್ದು ಅಂಚು ಹಲ್ಲುಹಲ್ಲಾಗುತ್ತೆ. ನೀರಿಗೆ ಬೂದು ಬೇಕೇ ಬೇಕಾದರೆ 15 ಪರ್ಸೆಂಟ್ ದಾಟಬೇಡಿ, 30 ಕೊಟ್ಟರೆ ಅಚ್ಚಿನಲ್ಲಿ ಅರ್ಧ ಕಪ್ಪು. ನೀರು ಒದ್ದೆ ಕಾಣುವ ಹಾಗೆ ಬ್ರಷ್ಷಿನಲ್ಲಿ ಮಾಡುವ ಒಂದು ಕೆಲಸ ಇದೆ, ಅದನ್ನು ಇನ್ನೊಮ್ಮೆ ಸಿಕ್ಕಾಗ ತೋರಿಸುತ್ತೇನೆ, ಬರೆದು ಹೇಳುವಂಥದ್ದಲ್ಲ.

ಪಕ್ಕದ ಪ್ರಯೋಗಗಳಲ್ಲಿ ಗೆದ್ದದ್ದು ಕಡಿಮೆ. ಜಿಲೇಬಿ ಮೀನು ತನ್ನ ಮರಿಗಳನ್ನು ಬಾಯಲ್ಲಿಟ್ಟು ಕಾಪಾಡುತ್ತೆ, ಕುಟುಂಬ ರಾಜಕಾರಣಕ್ಕೆ ಹೇಳಿ ಮಾಡಿಸಿದ್ದು ಅಂತ ಹಿಗ್ಗಿದ್ದೆ. ನೋಡಿದವರೆಲ್ಲ ಮಕ್ಕಳನ್ನೇ ತಿನ್ನುತ್ತಿದೆ ಅಂದುಕೊಂಡರು. ಮರಿಯ ಕೈಗೆ ಟಿಕೆಟ್ ಕೊಟ್ಟು ನೋಡಿದೆ, ಆಗಲೂ ಇಲ್ಲ. ಕೈಬಿಟ್ಟೆ. ಭರವಸೆಗಳನ್ನು ಒಣಮೀನಿನಂತೆ ಹಗ್ಗಕ್ಕೆ ಸಾಲಾಗಿ ನೇತುಹಾಕಿದ್ದು ಪರವಾಗಿಲ್ಲ, ಕೆಳಗೆ ಕಾಯುವ ಬೆಕ್ಕೇ ಎಲ್ಲರ ಕಣ್ಣು ಸೆಳೆಯಿತು. ರೆಸಾರ್ಟ್ ರಾಜಕಾರಣಕ್ಕೆ ಗಾಜಿನ ಅಕ್ವೇರಿಯಂ ಮಾತ್ರ ಭರ್ಜರಿ. 2019ರ ಜುಲೈನಲ್ಲಿ ಶಾಸಕರ ಸಾಗಾಟ ನಡೆದಾಗ ಒಂದೇ ಅಕ್ವೇರಿಯಂ ಇಟ್ಟುಕೊಂಡು ಆರು ಚಿತ್ರ ಮಾಡಿದೆ. ಪ್ರತಿ ಸಲ ಒಂದು ಮೀನು ಕಡಿಮೆ, ಆಹಾರದ ಡಬ್ಬಿ ಮಾತ್ರ ದೊಡ್ಡದು.

ದುಡ್ಡಿನ ಮಾತು ಕೇಳಿದರೆ, ಸ್ಥಳೀಯ ದಿನಪತ್ರಿಕೆಯಿಂದ ಒಂದಕ್ಕೆ ಇನ್ನೂರು, ಅದೂ ಮೂರು ತಿಂಗಳಿಗೊಮ್ಮೆ ನೆನಪಿಸಿದರೆ. ಒಬ್ಬ ಸಂಪಾದಕರು ನಲವತ್ತು ಚಿತ್ರದ ಬಾಕಿ ಇಟ್ಟೇ ಪತ್ರಿಕೆ ಮುಚ್ಚಿದರು. ಮಾಸಪತ್ರಿಕೆ ಎಂಟುನೂರರಿಂದ ಸಾವಿರ. ನಿಜವಾಗಿ ಕೈ ಹಿಡಿದದ್ದು ಕೆರೆ ಉಳಿಸುವ ಕೆಲಸದವರು: ಗೋಡೆಗೆ ಹಚ್ಚುವ ಎಂಟು ಪೋಸ್ಟರಿನ ಸೆಟ್ಟಿಗೆ ಹದಿನೈದು ಸಾವಿರ, ಮುಂಗಡ ಅರ್ಧ. ಖರ್ಚು ಹೆಚ್ಚಿಲ್ಲ, ಮಸಿ, ನಿಬ್ಬು, ಐವರಿ ಕಾರ್ಡು ಸೇರಿ ತಿಂಗಳಿಗೆ ಮುನ್ನೂರು ನಾನೂರು. ಐದು ಸಾವಿರದ ಡ್ರಾಯಿಂಗ್ ಟ್ಯಾಬ್ಲೆಟ್ ತಂದೆ, ಮೀನಿನ ಬೆನ್ನಿನ ಒಂದೇ ಉಸಿರಿನ ಗೆರೆ ಅದರಲ್ಲಿ ಬರಲೇ ಇಲ್ಲ. ಈಗ ಅದು ಬೂದು ತುಂಬಲಿಕ್ಕಷ್ಟೇ.

ಮೇಜಿನ ಮೇಲೆ ಎತ್ತಿನಹೊಳೆಯದೊಂದು ಬಾಕಿ ಇದೆ. ಪಶ್ಚಿಮಘಟ್ಟದ ನೀರನ್ನು ಕೋಲಾರದ ಕಡೆಗೆ ತರಲು 2014ರಲ್ಲಿ ಚಿಕ್ಕಬಳ್ಳಾಪುರದ ಕಡೆ ಅಡಿಗಲ್ಲು ಬಿದ್ದ ಯೋಜನೆ, 24.01 ಟಿಎಂಸಿ ಲೆಕ್ಕ, ಮೊದಲ ಹಂತ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ. ತೂಬು, ಏರಿ, ತೂಬಿನ ಬಾಯಿಗೆ ಕಿವಿ ಕೊಟ್ಟು ಮಲಗಿದ ಮುದಿ ಕೊರಮೀನು, ಎಲ್ಲಕ್ಕೂ ಮಸಿ ಬಿದ್ದಾಗಿದೆ. ಇದೊಂದರಲ್ಲಿ ಮಾತ್ರ ನನ್ನ ಪದ್ಧತಿ ಮುರಿದಿದ್ದೇನೆ, ನೀರಿನ ಗೆರೆ ಇನ್ನೂ ಎಳೆದಿಲ್ಲ. ಪೆನ್ಸಿಲ್ಲಿನಲ್ಲಿ ಮೂರು ಕಡೆ ಗುರುತು ಹಾಕಿಟ್ಟಿದ್ದೇನೆ.