ಬಳಸಿದ ಜೆಟ್ ಸ್ಕೀ ಕೊಳ್ಳುವವರ ಗಮನಕ್ಕೆ

ಮಲ್ಪೆ, ಮುರ್ಡೇಶ್ವರದಂತಹ ಕಡಲತೀರಗಳಲ್ಲಿ ಪ್ರವಾಸಿಗರಿಗಾಗಿ ಓಡಿಸಲು ಬಳಸಿದ ಜೆಟ್ ಸ್ಕೀ (ನೀರಿನ ಮೇಲೆ ಓಡುವ ಸ್ಕೂಟರ್‌ನಂತಹ ವಾಹನ) ಕೊಳ್ಳುವವರು ಬಣ್ಣಕ್ಕೂ ವೇಗಕ್ಕೂ ಮರುಳಾಗದೆ, ಎಂಜಿನ್ ಎಷ್ಟು ಗಂಟೆ ಓಡಿದೆ, ಅದು ಹೇಗೆ ತಂಪಾಗುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು. ಯಮಹಾ, ಕವಾಸಾಕಿ ಯಂತ್ರಗಳು ತಂಪಾಗಲು ಹೊರಗಿನ ನೀರನ್ನೇ ಎಂಜಿನ್ನಿನೊಳಗೆ ಹರಿಸಿಕೊಳ್ಳುವುದರಿಂದ ಸಮುದ್ರದ ಉಪ್ಪು ಒಳಗೂ ಸೇರುತ್ತದೆ. ಸೀ-ಡೂ ಎಂಬ ಇನ್ನೊಂದು ಬ್ರ್ಯಾಂಡಿನ ಈಗಿನ ಎಂಜಿನ್‌ಗಳಲ್ಲಿ ಪ್ರತ್ಯೇಕ ಕೂಲಂಟ್ (ತಂಪುಗೊಳಿಸುವ ದ್ರವ) ಇರುವುದರಿಂದ ಉಪ್ಪಿನ ಕಾಟ ಕಡಿಮೆಯಾದರೂ, ಹೊಗೆ ಹೊರಹೋಗುವ ಭಾಗವನ್ನು ಸಮುದ್ರದ ನೀರೇ ತಂಪಾಗಿಸುವುದರಿಂದ ಸಿಹಿನೀರು ಹರಿಸಿ ಒಳಭಾಗ ತೊಳೆಯುವ ಕೆಲಸ ತಪ್ಪುವುದಿಲ್ಲ.

ತೊಳೆಯುವಲ್ಲಿ ಕ್ರಮವೇ ಮುಖ್ಯ. ಪೈಪ್ ಜೋಡಿಸಿ, ಮೊದಲು ಎಂಜಿನ್ ಚಾಲೂ ಮಾಡಿ, ಕೂಡಲೇ ಸಿಹಿನೀರು ಬಿಡಬೇಕು. ಮುಗಿಸುವಾಗ ಮೊದಲು ನೀರು ನಿಲ್ಲಿಸಿ, ಅನಂತರವೇ ಎಂಜಿನ್ ಆರಿಸಬೇಕು. ಈ ಕ್ರಮ ತಪ್ಪಿದರೆ ನೀರು ಹೊಗೆಯ ದಾರಿಯಿಂದ ಸಿಲಿಂಡರಿಗೆ ನುಗ್ಗಿ, ಎಂಜಿನ್ನನ್ನೇ ಬಿಚ್ಚಿಸಬೇಕಾದ ಖರ್ಚು ಬೀಳಬಹುದು.

ಎಂಜಿನ್ ಜೋರಾಗಿ ಕೂಗಿದರೂ ವಾಹನ ಮುಂದಕ್ಕೆ ಚಿಮ್ಮದಿದ್ದರೆ ನೀರನ್ನು ಹಿಂದಕ್ಕೆ ತಳ್ಳುವ ಇಂಪೆಲ್ಲರ್ ಎಂಬ ಚಕ್ರದ ಅಂಚುಗಳನ್ನೂ ಅದರ ಸುತ್ತಲಿನ ವೇರ್ ರಿಂಗ್ ಎಂಬ ಬಳೆಯನ್ನೂ ಪರೀಕ್ಷಿಸಬೇಕು. ಸಾಮಾನ್ಯವಾಗಿ ಇವನ್ನು ಸವೆಸುವುದು ಮರಳು. ಆದ್ದರಿಂದ ಸುಮಾರು 90 ಸೆಂ.ಮೀ. ಆಳ ಸಿಗುವವರೆಗೆ ಎಂಜಿನ್ ಚಾಲೂ ಮಾಡದೆ ತಳ್ಳಿಕೊಂಡೇ ಹೋಗುವುದು ಲೇಸು. ಪ್ರವಾಸಿಗರ ಸಾಲು ಕಾದಿರುವಾಗ ಈ ತಾಳ್ಮೆ ಕಷ್ಟವೆಂಬುದನ್ನೂ ಒಪ್ಪುತ್ತೇನೆ. ಎಂಜಿನ್ ಆಯಿಲನ್ನು ಕೈಪಿಡಿಯ ಅವಧಿಗೆ, ಅಂದರೆ ಹೆಚ್ಚಿನ ಮಾದರಿಗಳಲ್ಲಿ 100 ಗಂಟೆಗೆ ಅಥವಾ ವರ್ಷಕ್ಕೊಮ್ಮೆ, ಬದಲಿಸಬೇಕು. ಮಳೆಗಾಲದಲ್ಲಿ ದಡದಲ್ಲಿ ನಿಲ್ಲಿಸುವ ಮುನ್ನ ಪೆಟ್ರೋಲು ಕೆಡದಂತೆ ಅದಕ್ಕೆ ಸ್ಟೆಬಿಲೈಸರ್ ಬೆರೆಸಿ, ಬ್ಯಾಟರಿಯನ್ನು ಕಳಚಿಟ್ಟು, ತಳದಲ್ಲಿ ನಿಂತ ನೀರು ಬಸಿದುಹೋಗುವಂತೆ ಡ್ರೈನ್ ಪ್ಲಗ್‌ಗಳನ್ನು ತೆಗೆದಿಡಬೇಕು.