ಆರ್ಕಿಡ್‌ಗೆ ಹೊಸ ಪಾಟ್: ಮೊದಲು ಬೇರು ನೋಡಿ

ನರ್ಸರಿಯಿಂದ ತಂದ ಫೆಲೆನಾಪ್ಸಿಸ್ ಆರ್ಕಿಡ್ ಹೂ ಉದುರಿಸಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಕೆಂಪು ಮಣ್ಣು, ಗೊಬ್ಬರ ಹಾಕಿ ದೊಡ್ಡ ಪಾಟ್‌ನಲ್ಲಿ ನೆಡಲಾ? ಬೇಡವೇ ಬೇಡ. ನಮ್ಮ ಶಿರಸಿ ಕಡೆ ಸೀತಾಳೆ ದಂಡೆ ಮರದ ಕೊಂಬೆ ಹಿಡಿದುಕೊಂಡೇ ಬೆಳೆಯುತ್ತದೆ. ಅದೂ ಆರ್ಕಿಡ್ಡೇ. ಮಳೆಗೆ ಬೇರು ತೋಯುತ್ತದೆ, ಗಾಳಿಗೆ ಒಣಗುತ್ತದೆ. ಬೆಂಗಳೂರಿನ ಬಾಲ್ಕನಿಯಲ್ಲೂ ಬೇರಿಗೆ ಅದೇ ಬೇಕು. (ಹಾಗಂತ ಕಾಡಿನ ಗಿಡ ಕಿತ್ತು ತರಬೇಡಿ, ಪುಣ್ಯ ಬರುತ್ತದೆ.)

ಹೂ ಮುಗಿದು, ಹೊಸ ಬೇರಿನ ಹಸಿರು ತುದಿ ಕಾಣುವಾಗ ಪಾಟ್ ಬದಲಿಸಿ. ಅದಕ್ಕೂ ಒಂದು ವಾರ ಮೊದಲೇ ತೆಂಗಿನಕಾಯಿ ಸಿಪ್ಪೆಯನ್ನು ಹೆಬ್ಬೆರಳು ಗಾತ್ರಕ್ಕೆ ಕತ್ತರಿಸಿ ಬಕೆಟ್‌ನಲ್ಲಿ ನೆನೆಹಾಕಿ. ನೀರು ಟೀ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬಿಡುವುದು ಕಮ್ಮಿ ಆಗುವ ತನಕ ದಿನಾ ನೀರು ಚೆಲ್ಲಿ, ಹೊಸ ನೀರು ಹಾಕಿ. ಈ ಸಿಪ್ಪೆ ಒಂದು ಪಾಲಿಗೆ ಎರಡು ಪಾಲು ಮರದ ಇದ್ದಿಲು, ಸ್ವಲ್ಪ ಹಂಚಿನ ಚೂರು. ಕರಾವಳಿಯವರು ಸಿಪ್ಪೆ ಇನ್ನೂ ಕಮ್ಮಿ ಹಾಕಿ, ಅಲ್ಲಿ ಗಾಳಿಯೇ ತೇವ ಅಲ್ವಾ?

ಗಿಡವನ್ನು ಅರ್ಧ ಗಂಟೆ ನೀರಿನಲ್ಲಿಟ್ಟರೆ ಬೇರು ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಈಗ ಬುಡದ ನಡುವೆ ಬೆರಳು ಹಾಕಿ ನೋಡಿ. ಅಲ್ಲಿ ಹೆಚ್ಚಾಗಿ ನರ್ಸರಿಯವರು ತುಂಬಿದ ಪಾಚಿಯ (ಮಾಸ್) ಗಟ್ಟಿ ಮುದ್ದೆ ಇರುತ್ತದೆ, ಕೆಲವೊಮ್ಮೆ ಸಣ್ಣ ಬಲೆಬುಟ್ಟಿಯ ಸಮೇತ. ಮೇಲೆಲ್ಲ ಒಣಗಿದ್ದರೂ ಅದು ಒಳಗೊಳಗೇ ಒದ್ದೆ. ಕೊಳೆಯುವುದು ಶುರುವಾಗುವುದೇ ಅಲ್ಲಿಂದ, ಹಾಗಾಗಿ ನಿಧಾನವಾಗಿ ಬಿಡಿಸಿ ತೆಗೆಯಿರಿ.

ಆಮೇಲೆ ಒಂದೊಂದೇ ಬೇರು ಹಿಚುಕಿ ನೋಡಿ. ಗಟ್ಟಿ ಇದ್ದರೆ ಬಿಡಿ, ಬಣ್ಣ ಹಳದಿಯಾದರೂ ಪರವಾಗಿಲ್ಲ. ಒಳಗೆ ಟೊಳ್ಳಾಗಿ, ಎಳೆದರೆ ಸಿಪ್ಪೆ ಜಾರಿ ದಾರ ಮಾತ್ರ ಉಳಿದರೆ ಅದು ಸತ್ತ ಬೇರು. ಕತ್ತರಿಯನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿ, ಆರಿದ ಮೇಲೆ ಕತ್ತರಿಸಿ. ಕತ್ತರಿಸಿದ ಬಾಯಿಗಷ್ಟೇ ಚಕ್ಕೆ (ದಾಲ್ಚಿನ್ನಿ) ಪುಡಿ ಹಚ್ಚಿ. ಒಳ್ಳೆ ಬೇರಿಗೆ ತಾಗಿದರೆ ಅದನ್ನೂ ಒಣಗಿಸಿಬಿಡುತ್ತದೆ.

ಉಳಿದ ಬೇರು ಹಿಡಿಸುವಷ್ಟೇ ದೊಡ್ಡ ಪಾಟ್ ಸಾಕು. ತಳದಲ್ಲಿ, ಪಕ್ಕದಲ್ಲಿ ತೂತು ಇರಲಿ. ಪಾರದರ್ಶಕ ಪ್ಲಾಸ್ಟಿಕ್ ಆದರೆ ಬೇರು ಹೊರಗಿನಿಂದಲೇ ಕಾಣುತ್ತದೆ. ಎಲೆ ಬುಡ ಹೂತುಹೋಗಬಾರದು. ಗಿಡ ಅಲ್ಲಾಡುತ್ತಿದ್ದರೆ ಕಡ್ಡಿಗೆ ಕಟ್ಟಿ.

ಮೂರು-ನಾಲ್ಕು ದಿನ ನೀರು ಬೇಡ. ಆಮೇಲೂ ವಾರದ ಲೆಕ್ಕ ಇಟ್ಟುಕೊಳ್ಳಬೇಡಿ. ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿದರೆ ನೀರು, ಹಸಿರಾಗಿದ್ದರೆ ಸುಮ್ನಿರಿ. ಬೆಳಗ್ಗೆಯೇ ಹಾಕಿ. ನಡುಎಲೆಯಲ್ಲಿ ನೀರು ನಿಂತರೆ ಹತ್ತಿಯಿಂದ ಒರೆಸಿ, ಇಲ್ಲದಿದ್ದರೆ ಸುಳಿಯೇ ಕೊಳೆಯುತ್ತದೆ. ಹೊಸ ಬೇರು ಓಡಲು ಶುರುವಾದ ಮೇಲೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುವುದು) ಲೀಟರ್ ನೀರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ. ಜಾಸ್ತಿ ಬೇಡ.

ಪೂರ್ವದ ಕಿಟಕಿಯ ಎಳೆಬಿಸಿಲು ಇದಕ್ಕೆ ಸರಿ. ಇನ್ನೊಂದು ಬಗೆಯ ಆರ್ಕಿಡ್ ಆದ ಡೆಂಡ್ರೋಬಿಯಂಗೆ ಇನ್ನೂ ಬೆಳಕು ಬೇಕು. ಅದರ ಎಲೆ ಉದುರಿದ ಹಳೆ ದಂಟನ್ನು ಸತ್ತಿದೆ ಅಂತ ಕತ್ತರಿಸಬೇಡಿ, ಅದರಲ್ಲೂ ಹೂ ಬರಬಹುದು.

ಚಳಿಗಾಲದಲ್ಲಿ ರಾತ್ರಿ ತಣ್ಣಗಾಗುತ್ತಿದ್ದಂತೆ ಫೆಲೆನಾಪ್ಸಿಸ್ ಎಲೆ ಸಂದಿಯಲ್ಲಿ ಏನೋ ಇಣುಕುತ್ತದೆ. ತುದಿ ಗುಂಡಗೆ ನುಣ್ಣಗಿದ್ದರೆ ಬೇರು. ಚಪ್ಪಟೆಯಾಗಿ, ಪಕ್ಕದಲ್ಲಿ ಸಣ್ಣ ಮಡಿಕೆ ಕಂಡರೆ ಹೂದಂಟು. ಅಲ್ಲಿಂದ ಮುಂದೆ ಪಾಟ್ ತಿರುಗಿಸಬೇಡಿ. ದಂಟು ಬೆಳಕಿನ ಕಡೆಗೇ ಬಾಗುತ್ತದೆ, ದಿನಾ ತಿರುಗಿಸಿದರೆ ಸೊಟ್ಟಗಾಗುತ್ತದೆ.