ಎಂಟು ಪುಸ್ತಕ, ಒಂಬತ್ತು ಜನ: ಕರುಳಿನ ತಂತಿಯ ಮೇಲೆ ವಿವಾಲ್ಡಿ

ಮುನ್ನೂರು ವರ್ಷಗಳ ಹಿಂದಿನ ವೆನಿಸ್‌ನ ಸಂಗೀತಕಾರ ವಿವಾಲ್ಡಿಯ ಮೂರನೆಯ ಓಪಸ್‌ನ (ಪ್ರಕಟಿತ ಕೃತಿಗುಚ್ಛದ) ಕನ್ಚೆರ್ಟೊಗಳನ್ನು, ಅಂದರೆ ಪಿಟೀಲುಗಳು ಮುಂದಾಗಿ ನುಡಿಯುವ ಮೇಳದ ಕೃತಿಗಳನ್ನು, ಒಂದು ವಾದ್ಯಭಾಗಕ್ಕೆ ಒಬ್ಬರಂತೆ, ನಿರ್ದೇಶಕರಿಲ್ಲದೆ, ಲೋಹದ ಸುತ್ತಿಲ್ಲದ ಬರಿಯ ಕರುಳಿನ ತಂತಿಗಳಲ್ಲಿ ನುಡಿಸುತ್ತೇವೆಂದು ನಾವು ಹೊರಟಾಗ ನೆದರ್ಲೆಂಡ್ಸ್‌ನ ಹೇಗ್ ನಗರದ ನಮ್ಮ ಬಳಗದಲ್ಲಿ ನಕ್ಕವರೇ ಹೆಚ್ಚು. ಹದಿನಾರು ಜನರಿಲ್ಲದಿದ್ದರೆ ಚರ್ಚಿನ ಹಿಂದಿನ ಸಾಲಿಗೆ ನೊಣ ಗುಂಯ್‌ಗುಟ್ಟಿದಷ್ಟೇ ಕೇಳಿಸುತ್ತದೆ ಎಂದು ಒಬ್ಬ ಸಂಘಟಕರು ನೇರವಾಗಿಯೇ ಹೇಳಿದ್ದರು. ಅವರೇ ಈಗ ನಮ್ಮನ್ನು ಎರಡು ಬಾರಿ ಕರೆಸಿಕೊಂಡಿರುವುದರಿಂದ, ಮಾಡಿದ್ದು ಹೇಗೆಂದು ಬರೆದಿಡುವ ಧೈರ್ಯ ಬಂದಿದೆ.

ನಮ್ಮ ವಾದಕ್ಕೆ ಆಧಾರ ಅಚ್ಚಿನ ಪ್ರತಿಯೇ ಆಗಿತ್ತು. 1711ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಎಸ್ತಿಯೆನ್ ರೋಜೆ ಪ್ರಕಟಿಸಿದ್ದು ಎಂಟು ಬಿಡಿ ಪುಸ್ತಕಗಳನ್ನು: ಪಿಟೀಲಿಗೆ ನಾಲ್ಕು, ಅದಕ್ಕಿಂತ ತುಸು ದೊಡ್ಡದಾದ ವಿಯೋಲಾಕ್ಕೆ ಎರಡು, ಇನ್ನೂ ದೊಡ್ಡದಾದ ಚೆಲ್ಲೊಗೆ ಒಂದು, ಮತ್ತೊಂದು ಕೆಳಸ್ತರಕ್ಕೆ. ಎಂಟು ಪುಸ್ತಕವೆಂದರೆ ಎಂಟು ಜನ ಎಂದು ಲೆಕ್ಕ ಹಾಕಿದೆವು. ಒಬ್ಬರ ಸಂಭಾವನೆ ಉಳಿಯುತ್ತದೆಂಬ ಆಸೆಯೂ ಅದರಲ್ಲಿತ್ತೆಂದು ಒಪ್ಪಿಕೊಳ್ಳುತ್ತೇನೆ. ಮೊದಲ ಕಛೇರಿಯಲ್ಲಿ ಮೇಲಿನ ನಾಲ್ಕು ಪಿಟೀಲುಗಳು ಚೆನ್ನಾಗಿಯೇ ಕೇಳಿಸಿದರೂ ಕೆಳಗೆ ನೆಲವೇ ಇಲ್ಲದಂತಾಯಿತು. ಆಮೇಲೆ ಎಂಟನೆಯ ಪುಸ್ತಕದ ಶೀರ್ಷಿಕೆಯನ್ನು ಕಣ್ಣುಬಿಟ್ಟು ಓದಿದರೆ ‘ವಿಯೊಲೋನೆ ಎ ಚೆಂಬಾಲೊ’ ಎಂದು ಎರಡು ವಾದ್ಯಗಳ ಹೆಸರೂ ಅಲ್ಲಿಯೇ ಇತ್ತು: ವಿಯೊಲೋನೆ ಎಂದರೆ ಕೆಳಸ್ತರದ ದೊಡ್ಡ ಕಮಾನು ವಾದ್ಯ, ಚೆಂಬಾಲೊ ಎಂದರೆ ತಂತಿ ಮೀಟುವ ಕೀಲಿಮಣೆಯ ಹಾರ್ಪ್ಸಿಕಾರ್ಡ್. ಅಂದಿನಿಂದ ನಮ್ಮ ವಿಯೊಲೋನೆ ವಾದಕರು ಹಾರ್ಪ್ಸಿಕಾರ್ಡಿನ ಹಿಂದೆ ನಿಂತು ಅದೇ ಪುಟವನ್ನು ನೋಡಿಕೊಂಡು ನುಡಿಸುತ್ತಾರೆ.

ಆ ಮೊದಲ ಕಛೇರಿಯಲ್ಲಿ ನಮಗೆ ನೆನಪಿರುವಂತೆ 600 ಯೂರೊ ನಷ್ಟವಾಯಿತು. ಹಾರ್ಪ್ಸಿಕಾರ್ಡಿನ ಬಾಡಿಗೆ, ಸಾಗಣೆ ಮತ್ತು ಶ್ರುತಿ ಮಾಡುವವರ ಕೂಲಿಗೇ 400ರ ಹತ್ತಿರ ಹೋಯಿತು. ಕರುಳಿನ ತಂತಿಯ ಒಂದು ಸೆಟ್ಟಿಗೆ ಸುಮಾರು 60 ಯೂರೊ. ಸಾಲದ್ದಕ್ಕೆ, ಅತಿ ತೆಳುವಾದ ಇ ತಂತಿ ಎರಡು ವಾರ ಬಾಳಿದರೆ ನಮ್ಮ ಪುಣ್ಯ. ಚಳಿಗಾಲದ ಚರ್ಚಿನಲ್ಲಿ ಏಳು ಗಂಟೆಗೆ ಹೀಟರ್ ಹಾಕಿದ ಕೂಡಲೇ ಎಲ್ಲರ ಶ್ರುತಿಯೂ ಕದಲಿ, ಎರಡು ಕನ್ಚೆರ್ಟೊಗಳ ನಡುವೆ ಬಿರಡೆ ತಿರುಗಿಸುವುದನ್ನೇ ಶ್ರೋತೃಗಳು ಹತ್ತು ನಿಮಿಷ ಕೇಳಬೇಕಾಯಿತು. ಈಗ ಮಧ್ಯಾಹ್ನ ನಾಲ್ಕಕ್ಕೇ ವಾದ್ಯಗಳನ್ನು ಪೆಟ್ಟಿಗೆಯಿಂದ ತೆಗೆದಿಡುತ್ತೇವೆ ಮತ್ತು ಅಲ್ಲಿಂದ ಮುಂದೆ ಹೀಟರಿನ ಗುಂಡಿಯನ್ನು ಯಾರೂ ಮುಟ್ಟಬಾರದೆಂದು ಕರಾರಿನಲ್ಲೇ ಬರೆಸುತ್ತೇವೆ. ಹಿಂದಿನ ರಾತ್ರಿ ತಂತಿಗಳಿಗೆ ಏನನ್ನು ಸವರುತ್ತೇವೆಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ತಂತಿಗಳ ದಪ್ಪದ ವಿಷಯದಲ್ಲಿ ನಾನು ಬಹಳ ತಿಣುಕಿದೆ. ನಾಲ್ಕೂ ತಂತಿಗಳಿಗೆ ಒಂದೇ ಎಳೆತವಿರಬೇಕೆಂಬ ಪಕ್ಷವನ್ನು ನಂಬಿ, ಎರಡು ಮಿಲಿಮೀಟರಿಗೂ ಮಿಕ್ಕಿದ ಜಿ ತಂತಿಯನ್ನು, ಅಂದರೆ ಎಲ್ಲಕ್ಕಿಂತ ಕೆಳಸ್ವರದ ತಂತಿಯನ್ನು, ತರಿಸಿದೆ. ಅದು ಬಿರಡೆಯ ತೂತಿನೊಳಗೆ ನುಗ್ಗಲಿಲ್ಲ, ತುದಿಯನ್ನು ಕೆರೆದು ನುಗ್ಗಿಸಿದ ಮೇಲೆ ಬಾವಿಯ ಹಗ್ಗದಂತೆ ನುಡಿಯಿತು. ಕೊನೆಗೆ ಇ, ಎ, ಡಿ, ಜಿ ತಂತಿಗಳಿಗೆ ಕ್ರಮವಾಗಿ 0.62, 0.80, 1.06, 1.36 ಮಿಲಿಮೀಟರಿನ ಆಸುಪಾಸಿನಲ್ಲಿ ನಿಂತೆ. ವೆನಿಸ್‌ನ ಶ್ರುತಿ ಎತ್ತರದ್ದಾಗಿತ್ತೆಂಬ ಕಾರಣಕ್ಕೆ ಒಮ್ಮೆ ಎ ಸ್ವರವನ್ನು 415 ಹರ್ಟ್ಸ್‌ನಿಂದ 440ಕ್ಕೆ ಏರಿಸಿಯೂ ನೋಡಿದೆವು. ನಾದ ಹೊಳೆಯಿತು, ನಿಜ. ಆದರೆ ಒಂದೇ ಅಭ್ಯಾಸದಲ್ಲಿ ಮೂರು ಇ ತಂತಿಗಳು ಹೋದವು, ಹಾರ್ಪ್ಸಿಕಾರ್ಡಿನ ಮಾಲೀಕರ ಮುಖ ಕಪ್ಪಿಟ್ಟಿತು.

ನಾನು ಮೊದಲು ಕಲಿತದ್ದು ಮೈಸೂರಿನಲ್ಲಿ, ಚಾಪೆಯ ಮೇಲೆ ಕುಳಿತು, ಪಿಟೀಲಿನ ತಲೆಯನ್ನು ಪಾದದ ಮೇಲಿರಿಸಿ. ಆದ್ದರಿಂದ ಗದ್ದದಿಂದ ಒತ್ತಿ ಹಿಡಿಯುವ ಚಟ ನನಗಿಲ್ಲ, ವಿವಾಲ್ಡಿಯ ಕಾಲದ ಬರೋಕ್ ಹಿಡಿತ ಸುಲಭವಾಗುತ್ತದೆಂದು ಬೀಗಿದ್ದೆ. ನಿಂತು ನುಡಿಸುವಾಗ ಪಾದದ ಆಸರೆ ತಪ್ಪಿತು. ಮೇಲಿನ ಸ್ಥಾನದಿಂದ ಕೆಳಗಿಳಿಯುವಾಗ ವಾದ್ಯವೇ ಕೈಯೊಂದಿಗೆ ಜಾರಿ ಬರುತ್ತಿತ್ತು. ಬೆರಳುಗಳಿಗಿಂತ ಮೊದಲು ಹೆಬ್ಬೆರಳು ತೆವಳಬೇಕೆಂಬುದು ಮೈಗೆ ಹತ್ತಲು ಎಂಟು ತಿಂಗಳು ಹಿಡಿಯಿತು.

ಅನುಮಾನಿಸಿದವರ ಬಾಯಿ ಮುಚ್ಚಿಸಿದ್ದು ಹತ್ತನೆಯ ಕನ್ಚೆರ್ಟೊದ ನಡುವಣ, ನಿಧಾನ ನಡೆಯ ಲಾರ್ಗೆಟ್ಟೊ. ಅಲ್ಲಿ ನಾಲ್ಕು ಪಿಟೀಲುಗಳು ಒಂದೇ ಸ್ವರಗುಚ್ಛವನ್ನು ಏಕಕಾಲದಲ್ಲಿ ನಾಲ್ಕು ಬಗೆಯ ಕಮಾನಿನ ನಡೆಯಲ್ಲಿ ಬಿಡಿಸುತ್ತವೆ: ಒಂದು ಸ್ವರಗಳನ್ನು ಬೆಸೆದರೆ ಇನ್ನೊಂದು ಬಿಡಿಬಿಡಿಯಾಗಿ ಉದುರಿಸುತ್ತದೆ. ಒಂದು ಭಾಗಕ್ಕೆ ಮೂವರು ಕುಳಿತರೆ ಈ ವ್ಯತ್ಯಾಸ ಮಸುಕಾಗಿ ಬರಿಯ ಗುನುಗಾಗುತ್ತದೆ. ಒಬ್ಬೊಬ್ಬರೇ ಇದ್ದು, ಕರುಳಿನ ತಂತಿ ಪ್ರತಿ ಸ್ವರದ ಮೊದಲಲ್ಲಿ ತುಸು ಕೆರೆದಂತೆ ನುಡಿದಾಗ, ನಾಲ್ಕು ಎಳೆಗಳನ್ನೂ ಕಿವಿ ಬೇರೆಬೇರೆಯಾಗಿ ಹಿಡಿಯುತ್ತದೆ. ನೊಣದ ಮಾತಾಡಿದ್ದ ಸಂಘಟಕರು ಅಂದು ಕೊನೆಯ ಸಾಲಿನಲ್ಲೇ ಕುಳಿತಿದ್ದರು. ನಾಲ್ವರು ಎಲ್ಲಿ, ಯಾವ ಕಡೆಗೆ ಮುಖಮಾಡಿ ನಿಲ್ಲುತ್ತೇವೆಂಬುದು ನಮ್ಮ ಗುಟ್ಟಾಗಿಯೇ ಇರಲಿ.

ಈ ಕನ್ಚೆರ್ಟೊ ಬಿ ಮೈನರ್‌ನಲ್ಲಿರುವುದರಿಂದ ಹಾರ್ಪ್ಸಿಕಾರ್ಡಿನ ಬಿ ಫ್ಲಾಟ್ ತಂತಿಗಳನ್ನು ಎ ಶಾರ್ಪ್‌ಗೆ ಇಳಿಸದಿದ್ದರೆ ನಮ್ಮ ಮೀನ್‌ಟೋನ್ ಶ್ರುತಿಯಲ್ಲಿ (ಇಂದಿನ ಪಿಯಾನೊದಲ್ಲಿ ಒಂದೇ ಆಗಿರುವ ಈ ಎರಡು ಸ್ವರಗಳು ಬೇರೆಬೇರೆಯಾಗಿರುವ ಹಳೆಯ ಪದ್ಧತಿಯಲ್ಲಿ) ಎಫ್ ಶಾರ್ಪ್ ಮೇಜರ್ ಸ್ವರಮೇಳ ಕಿವಿಗೆ ಇರಿಯುತ್ತದೆ. ಒಮ್ಮೆ ಮರೆತು ಇರಿಸಿಕೊಂಡಿದ್ದೇವೆ. ಈಗ ಅದಕ್ಕಾಗಿಯೇ ವಿರಾಮದ ನಂತರಕ್ಕೆ ಅದನ್ನಿಡುತ್ತೇವೆ. ಜರ್ಮನಿಯ ಸಂಗೀತಕಾರ ಬಾಕ್ ಇದೇ ಕನ್ಚೆರ್ಟೊವನ್ನು ನಾಲ್ಕು ಹಾರ್ಪ್ಸಿಕಾರ್ಡುಗಳಿಗೆ ಎ ಮೈನರ್‌ನಲ್ಲಿ ಅಳವಡಿಸಿದ್ದಾನೆ. ಎರಡನ್ನೂ ಒಂದೇ ಸಂಜೆ ನುಡಿಸಬೇಕೆಂದು ಬಾಡಿಗೆ ವಿಚಾರಿಸಿದೆವು, ಮೊತ್ತ ಕೇಳಿ ಮುಂದಿನ ಚಳಿಗಾಲಕ್ಕೆ ಮುಂದೂಡಿದೆವು.